ನಮ್ಮ ಹಿತ್ತಲನ್ನು ಕಾಪಾಡಿದವರಿಗೆ

ಈ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನಾನು ಧಾರವಾಡದಲ್ಲಿದ್ದಾಗ, ಮೈಸೂರಿನ ನಮ್ಮ ಮನೆಯ ಹಿತ್ತಲಿನ ಗಿಡಗಳನ್ನು ಉಳಿಸಿಕೊಟ್ಟ ಅಪರಿಚಿತ ಮಹನೀಯರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ. ತಾವು ಮಲ್ಲಿಗೆ ಬಳ್ಳಿ ಮತ್ತು ಕರಿಬೇವಿನ ಬುಡದ ಪಕ್ಕದಲ್ಲಿ ಮಣ್ಣಿನ ಕುಡಿಕೆಗಳನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚಿನ ಚೂರು ಮುಚ್ಚಿ, ಸುತ್ತಲೂ ತೆಂಗಿನ ನಾರು ಹಾಸಿದ್ದಿರಿ. ಕುಡಿಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ನಿಧಾನವಾಗಿ ಬೇರಿನ ಬಳಿಯೇ ಜಿನುಗುವುದರಿಂದ, ಮೇಲ್ಮಣ್ಣಿಗೆ ಸುರಿದಾಗ ಆಗುವಷ್ಟು ಆವಿಯಾಗಿ ನಷ್ಟವಾಗುವುದಿಲ್ಲ. ನೀರು ದಿನ ಬಿಟ್ಟು ದಿನ ಬರುವ ನಮ್ಮ ಬೀದಿಗೆ ಇದಕ್ಕಿಂತ ಯೋಗ್ಯವಾದ ಉಪಾಯ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಬಿಸಿಲೇರುವ ಮೊದಲೇ ತಾವು ಬಂದು ಹೋಗುತ್ತಿದ್ದಿರೆಂದು ಎದುರುಮನೆಯವರು ತಿಳಿಸಿದರು, ಹೆಸರು ಮಾತ್ರ ಅವರಿಗೂ ಗೊತ್ತಿಲ್ಲ.

ಈಗ ಬೆಳಗ್ಗೆ ತಾರಸಿಯ ಮೇಲೆ ಅರಳು ಸಂಡಿಗೆ ಇಟ್ಟು, ಸಂಜೆ ಹಿರಿಯ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಳೆನಾರಿನಲ್ಲಿ ಮೊಗ್ಗು ಕಟ್ಟುವುದನ್ನು ಹೇಳಿಕೊಡುತ್ತಿದ್ದೇನೆ. ಎರಡು ಮೊಗ್ಗು ಇತ್ತ, ಎರಡು ಅತ್ತ, ನಡುವೆ ಒಂದು ಗಂಟು. ಆಕೆಯ ಗಂಟು ಇನ್ನೂ ಸಡಿಲವೇ. ಆ ಮೊಗ್ಗುಗಳೆಲ್ಲ ತಮ್ಮ ಉಪಕಾರ. ದಯವಿಟ್ಟು ಒಮ್ಮೆ ಮನೆಗೆ ಬನ್ನಿ, ಮಾವಿನ ಮಿಡಿಯ ಉಪ್ಪಿನಕಾಯಿಯ ಒಂದು ಭರಣಿಯನ್ನು ತಮಗಾಗಿಯೇ ಎತ್ತಿಟ್ಟಿದ್ದೇನೆ.