ಬಾಹ್ಯಾಕಾಶದಲ್ಲಿ ನಡೆದವರು ತೆರೆಷ್ಕೋವಾ ಅಲ್ಲ

ಮಾನ್ಯರೇ,

ತಾಲ್ಲೂಕು ಮಟ್ಟದ ವಿಜ್ಞಾನ ರಸಪ್ರಶ್ನೆ ಅಚ್ಚುಕಟ್ಟಾಗಿ ನಡೆಯಿತು ಎಂಬ ನಿನ್ನೆಯ ವರದಿ ಓದಿ ಮೈ ಉರಿದುಹೋಯಿತು. ನಾನು ಅಲ್ಲೇ ಇದ್ದೆ. ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆ ಯಾರು ಎಂದು ಕೇಳಿದಾಗ, ಎಂಟನೇ ತರಗತಿಯ ನನ್ನ ಮಗಳು ಸ್ವೆಟ್ಲಾನಾ ಸವಿಟ್ಸ್ಕಾಯಾ ಎಂದಳು. ತೀರ್ಪುಗಾರರು ಕೈಲಿದ್ದ ಹಾಳೆ ನೋಡಿ, ‘ತಪ್ಪು, ವ್ಯಾಲೆಂಟಿನಾ ತೆರೆಷ್ಕೋವಾ’ ಎಂದು ಮುಂದಿನ ತಂಡದತ್ತ ತಿರುಗಿದರು. ಒಂದೇ ಅಂಕದಲ್ಲಿ ಅವಳ ತಂಡ ಹೊರಬಿತ್ತು.

ತೆರೆಷ್ಕೋವಾ 1963ರ ಜೂನ್‌ನಲ್ಲಿ ವೋಸ್ತೋಕ್-6 ನೌಕೆಯಲ್ಲಿ ಹೋಗಿ ಭೂಮಿಯನ್ನು 48 ಸುತ್ತು ಸುತ್ತಿ ಬಂದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ಅವರೇ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ನೌಕೆಯಿಂದ ಹೊರಬಂದು ತೇಲಿದ ಮೊದಲ ಮನುಷ್ಯ ಸೋವಿಯತ್ ಗಗನಯಾತ್ರಿ ಲಿಯೊನೊವ್, ಅದೂ 1965ರ ಮಾರ್ಚ್‌ನಲ್ಲಿ. ಅದಕ್ಕೂ ಸುಮಾರು ಎರಡು ವರ್ಷ ಮೊದಲೇ ತೆರೆಷ್ಕೋವಾ ನಡೆದಿದ್ದು ಹೇಗೆ ಸ್ವಾಮಿ?

ಸವಿಟ್ಸ್ಕಾಯಾ ಯಾರೆಂದಾದರೂ ಇವರಿಗೆ ಗೊತ್ತೇ? ಹದಿಹರೆಯದಲ್ಲೇ ಪ್ಯಾರಾಚೂಟ್ ಕಟ್ಟಿ ಹಾರಿದವರು, 1970ರಲ್ಲಿ ವಿಮಾನ ಕಸರತ್ತಿನ ಮಹಿಳಾ ವಿಶ್ವ ಚಾಂಪಿಯನ್. 1982ರಲ್ಲಿ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಒಳಗಿದ್ದ ಗಂಡಸರು ಅವರ ಕೈಗೆ ಕೊಟ್ಟಿದ್ದು ಅಡುಗೆಮನೆಯ ಏಪ್ರನ್! ಆ ಹೆಣ್ಣುಮಗಳು 1984ರಲ್ಲಿ ಮತ್ತೆ ಅಲ್ಲಿಗೇ ಹೋಗಿ, ಜುಲೈ 25ರಂದು ನಿಲ್ದಾಣದ ಹೊರಗೆ ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ನಿಂತು ಲೋಹದ ತಗಡುಗಳನ್ನು ಕತ್ತರಿಸಿದರು, ವೆಲ್ಡಿಂಗ್ ಮಾಡಿದರು. ನಮ್ಮ ರಾಕೇಶ್ ಶರ್ಮಾ ಅದೇ ನಿಲ್ದಾಣದಲ್ಲಿದ್ದು ಬಂದು ಆಗಿನ್ನೂ ಮೂರು ತಿಂಗಳು. ಶರ್ಮಾ ಹೆಸರನ್ನು ವೇದಿಕೆಯಲ್ಲಿ ಮೂರು ಸಲ ಹೇಳಿದವರಿಗೆ ಇದು ತಿಳಿಯದೇ ಹೋಯಿತೇ?

ಅವತ್ತು ನಾನು ಕೆಲಸಕ್ಕೆ ರಜೆ ಹಾಕಿ, ಆರರ ಬಸ್ಸಿಗೆ ಮಗಳನ್ನು ಕರೆತಂದಿದ್ದೆ. ಹತ್ತಕ್ಕೆ ಎಂದಿದ್ದು, ಅತಿಥಿಗಳು ಬರಲಿಲ್ಲವೆಂದು ಹನ್ನೆರಡೂವರೆಗೆ ಶುರುವಾಯಿತು. ಮಕ್ಕಳಿಗೆ ಕುಡಿಯಲು ನೀರಿಲ್ಲ. ಊಟದ ಕೂಪನ್ ಮುಗಿದಿದೆಯಂತೆ. ತೀರ್ಪುಗಾರರ ಬಳಿ ಹೋಗಿ ಕೇಳಿದರೆ, ‘ಮೇಲಿಂದ ಬಂದ ಉತ್ತರ, ನಾವೇನು ಮಾಡೋಣ’ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನೋಟ್‌ಬುಕ್ ತೆಗೆದು, ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ ಆ ಹೆಸರಿನ ಮೇಲೆ ಬೆರಳಿಟ್ಟು, ‘ಅಮ್ಮಾ, ನಾನು ಸರಿಯಾಗೇ ಬರ್ಕೊಂಡಿದ್ದೆ ಅಲ್ವಾ?’ ಅಂದಳು. ನಾನು ಏನು ಹೇಳಲಿ?

ಕಳೆದ ವರ್ಷದ ಪ್ರಬಂಧ ಸ್ಪರ್ಧೆಯ ಪ್ರಮಾಣಪತ್ರವೇ ಇನ್ನೂ ಬಂದಿಲ್ಲ, ಮೂರು ಸಲ ಅಲೆದಿದ್ದೇನೆ. ನಮ್ಮೂರ ಗ್ರಂಥಾಲಯಕ್ಕೆ ಬೀಗ ಬಿದ್ದು ಎಷ್ಟು ಕಾಲವಾಯಿತು, ಅದನ್ನೂ ಕೇಳುವವರಿಲ್ಲ. ಸಾಹೇಬರು ಯಾವಾಗ ಹೋದರೂ ಮೀಟಿಂಗ್‌ನಲ್ಲಿರುತ್ತಾರೆ.

ಆ ಅಂಕವನ್ನು ಮಕ್ಕಳಿಗೆ ಕೊಡಿ, ಇಲ್ಲವೇ ಸ್ಪರ್ಧೆಯನ್ನೇ ಮತ್ತೆ ನಡೆಸಿ. ಗ್ರಂಥಾಲಯದ ಬೀಗವನ್ನೂ ತೆಗೆಸಿ. ಸಂಬಂಧಪಟ್ಟವರು ಇನ್ನಾದರೂ ಕಣ್ಣು ಬಿಡಲಿ. ಓದಿಕೊಂಡು ಬಂದ ಮಗುವಿಗೆ ನೂರಾರು ಜನರೆದುರು ತಪ್ಪು ಎಂದಿರಲ್ಲ, ನಿಮಗೆ ನಾಚಿಕೆಯಾಗಬೇಕು.

– ನೊಂದ ಪೋಷಕಿ