ಹಿಂದಿನ ಬೆಂಚಿನ ಹುಡುಗಿ ಕೇಳಿದ್ದು: ಗೆಳೆಯನಿಗೊಂದು ಪತ್ರ

ಬೆಂಗಳೂರು
ಭಾನುವಾರ ರಾತ್ರಿ

ಪ್ರಿಯ ಗೆಳೆಯಾ,

ಅಮ್ಮ ಚೆನ್ನಾಗಿದ್ದಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ ಎಂದು ಇವತ್ತೂ ಕೇಳಿದರು. ಆದರೆ ಈ ಪತ್ರ ಅವರ ವಿಷಯಕ್ಕಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ವಿಜ್ಞಾನ ಉಪನ್ಯಾಸ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ದೇವರು, ವಿಜ್ಞಾನಗಳ ಬಗ್ಗೆ ನಾವು ವಾದಿಸುತ್ತಿದ್ದೆವಲ್ಲ, ಆ ವಾದದಲ್ಲಿ ನಾನು ವರ್ಷಗಟ್ಟಲೆ ಬಳಸಿದ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಆಗ ಸುತ್ತ ನಿಂತು ಕೇಳುತ್ತಿದ್ದವರಲ್ಲಿ ಕೆಲವರು ಇಲ್ಲಿ ಓದುತ್ತಾರೆಂದು ಗೊತ್ತಿರುವುದರಿಂದಲೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಬೆಳಗಿನ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಧರ್ಮಕೇಂದ್ರದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ನಾನು ಜ್ಞಾನೋಪದೇಶ ಹೇಳಿಕೊಡುವುದು ನಿನಗೆ ಗೊತ್ತು. ಇವತ್ತಿನ ಪಾಠ ಸೃಷ್ಟಿಯದು. ಪ್ರತಿ ವರ್ಷದಂತೆ ಹಲಗೆಯ ಮೇಲೆ ಒಂದು ಚುಕ್ಕೆ ಇಟ್ಟು, ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವವೆಲ್ಲ ಅತಿ ಸಾಂದ್ರವಾಗಿ, ಅತಿ ಬಿಸಿಯಾಗಿ ಇದ್ದು ಅಲ್ಲಿಂದ ಹಿಗ್ಗತೊಡಗಿತು ಎಂದು ವಿವರಿಸಿದೆ. ಮಹಾಸ್ಫೋಟ ಎನ್ನುವ ಈ ಕಲ್ಪನೆಯನ್ನು ಮೊದಲು ಮುಂದಿಟ್ಟವರು ಜಾರ್ಜ್ ಲೆಮೈತ್ರ್ ಎಂಬ ಕಥೋಲಿಕ ಗುರುಗಳೇ, ಅಂದರೆ ಪಾದ್ರಿಯೇ, ಎಂದು ಸೇರಿಸಿದೆ. ಕೊನೆಗೆ, ನೋಡಿ ಮಕ್ಕಳೇ, ವಿಜ್ಞಾನ ಎಲ್ಲೆಲ್ಲೋ ಸುತ್ತಿ ಬೈಬಲಿನ ಆದಿಕಾಂಡದ ಮೊದಲ ಪುಟಕ್ಕೇ ಬಂದು ನಿಂತಿತು ಎಂದೆ. ಈ ಭಾಷಣ ನಿನಗೆ ಬಾಯಿಪಾಠವಾಗಿದೆ. ನಾನು ಲೆಮೈತ್ರ್ ಎಂದರೆ ನೀನು 1633ರಲ್ಲಿ ಚರ್ಚು ನಡೆಸಿದ ಗೆಲಿಲಿಯೋ ವಿಚಾರಣೆ ಎನ್ನುತ್ತಿದ್ದೆ. ನಾನು ಮಠದ ತೋಟದಲ್ಲಿ ಬಟಾಣಿ ಬೆಳೆದು ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್ ಎಂದರೆ ನೀನು ಚರ್ಚಿನ ವಿಚಾರಣೆಯ ನಂತರ ಸುಟ್ಟುಕೊಂದ ಬ್ರೂನೋ ಎನ್ನುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರದ್ದೆಂದು ಇನ್ನೂ ತೀರ್ಮಾನವಾಗದ ಆ ಛತ್ರಿಯ ಮಾತು ಬಂದ ಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದೆವು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಾಳೆ ವಿಜ್ಞಾನಿಗಳು ಇದು ತಪ್ಪು ಅಂತ ಹೇಳಿದ್ರೆ, ಆಗ ದೇವ್ರು?" ಎಂದು ಕೇಳಿದಳು. ಅವಳ ದನಿಯಲ್ಲಿ ತುಂಟತನವಿರಲಿಲ್ಲ, ನಿಜವಾದ ಆತಂಕವಿತ್ತು. ಮುಂದಿನ ಭಾನುವಾರ ಹೇಳುತ್ತೇನೆ ಎಂದು ತರಗತಿ ಬಿಟ್ಟೆ.

ನಾಳೆ ತಪ್ಪು ಎಂದರೆ ಎಂಬುದು ಬರಿಯ ಊಹೆಯಲ್ಲ, ಅಂಥದ್ದೊಂದು ನಮ್ಮ ನೆಲದಲ್ಲೇ ನಡೆದಿದೆ. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕ್ಷೀಣ ರೇಡಿಯೋ ಸಂಕೇತ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೆಟ್ಟ ಎಡ್ಜಸ್ ಎಂಬ ಉಪಕರಣಕ್ಕೆ ಸಿಕ್ಕಿದೆಯೆಂದು 2018ರಲ್ಲಿ ಅಮೆರಿಕದ ತಂಡವೊಂದು ಪ್ರಕಟಿಸಿತು. ನಮ್ಮ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ಹೊರಟರು. ಆಂಟೆನಾದ ಕೆಳಗಿನ ನೆಲ ಪದರಪದರವಾಗಿದ್ದರೆ ಅಳತೆ ಕೆಡುತ್ತದೆ. ನೀರು ಎಲ್ಲೆಡೆ ಒಂದೇ ಸಮ. ಹಾಗಾಗಿ ಅವರು ತಮ್ಮ 'ಸರಸ್' ಆಂಟೆನಾವನ್ನು 2020ರಲ್ಲಿ ತೆಪ್ಪದಂತೆ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೇಲಿಬಿಟ್ಟರು. ಎಡ್ಜಸ್ ಕಂಡ ಆಕಾರದ ಸಂಕೇತ ಅವರ ಅಳತೆಯಲ್ಲಿ ಇರಲಿಲ್ಲ. ಅದು ಆಕಾಶದ್ದಲ್ಲ ಎಂದು ಶೇಕಡಾ 95.3ರ ವಿಶ್ವಾಸ ಮಟ್ಟದಲ್ಲಿ 2022ರಲ್ಲಿ ಬರೆದರು. ವಿಶ್ವಾಸ ಮಟ್ಟ! ನಾವು ಚರ್ಚಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಪದವೇ ಅದು. ಆದರೆ ಅಲ್ಲಿ ಅದರ ಪಕ್ಕದಲ್ಲಿ, ಇಷ್ಟರಮಟ್ಟಿಗೆ ನಾವು ತಪ್ಪಿರಬಹುದು ಎಂಬ ಲೆಕ್ಕವೂ ಇರುತ್ತದೆ. 2018ರಲ್ಲಿ ಆ ಸುದ್ದಿ ಬಂದ ವಾರವೇ ನಾನು ಮಕ್ಕಳಿಗೆ, ಬೆಳಕಾಗಲಿ ಎಂದು ದೇವರು ನುಡಿದ ಗಳಿಗೆ ಸಿಕ್ಕಿಬಿಟ್ಟಿದೆ ಎಂದು ಹೇಳಿದ್ದೆ. 2022ರಲ್ಲಿ ಅದನ್ನು ತಿದ್ದಲಿಲ್ಲ. ಆ ಮಕ್ಕಳು ಅಷ್ಟು ಹೊತ್ತಿಗೆ ಬೇರೆ ಬೇರೆ ಕಾಲೇಜು ಸೇರಿದ್ದರು.

ಮಧ್ಯಾಹ್ನ ಮನೆಗೆ ಬಂದು ಲೆಮೈತ್ರ್ ಅವರ ಬಗ್ಗೆ ನನ್ನಲ್ಲಿದ್ದ ಟಿಪ್ಪಣಿಗಳನ್ನೆಲ್ಲ ಮತ್ತೆ ತೆಗೆದೆ. ಇಷ್ಟು ವರ್ಷ ಅವುಗಳಲ್ಲಿ ನನಗೆ ಬೇಕಾದ್ದನ್ನಷ್ಟೇ ಓದಿದ್ದೆನೆಂದು ಇವತ್ತು ಗೊತ್ತಾಯಿತು. ವಿಶ್ವ ಹಿಗ್ಗುತ್ತಿದೆ ಎಂಬ ಲೇಖನವನ್ನು ಅವರು 1927ರಲ್ಲಿ, ಹೊರಗೆ ಹೆಚ್ಚು ಜನ ಓದದ ಬೆಲ್ಜಿಯಂ ಪತ್ರಿಕೆಯೊಂದರಲ್ಲಿ, ಫ್ರೆಂಚಿನಲ್ಲಿ ಪ್ರಕಟಿಸಿದರು. ಗಣಿತವೇನೋ ಸರಿ, ಆದರೆ ಭೌತಶಾಸ್ತ್ರ ಮಾತ್ರ ಒಪ್ಪುವಂಥದ್ದಲ್ಲ ಎಂದು ಐನ್‌ಸ್ಟೈನ್ ಕಟುವಾಗಿಯೇ ಹೇಳಿದರು. 1931ರಲ್ಲಿ ವಿಶ್ವಕ್ಕೊಂದು ಆರಂಭವಿದ್ದಿರಬಹುದೆಂಬ ಪುಟ್ಟ ಟಿಪ್ಪಣಿಯನ್ನು ಲೆಮೈತ್ರ್ 'ನೇಚರ್' ಪತ್ರಿಕೆಗೆ ಬರೆದರು. ಅದರ ಕರಡಿನ ಕೊನೆಯಲ್ಲಿ ದೇವರ ಮಾತು ಬರುವ ಒಂದು ಪ್ಯಾರಾ ಇತ್ತು: ದೇವರು ಮರೆಯಾಗಿಯೇ ಇರುವವನು, ಇಂದಿನ ಭೌತಶಾಸ್ತ್ರ ಸೃಷ್ಟಿಯ ಮೇಲೊಂದು ತೆರೆ ಎಳೆಯುವುದನ್ನು ಕಂಡು ನಂಬುವವರು ಸಂತೋಷಪಡಬಹುದು ಎಂಬ ಅರ್ಥದ್ದು. ಕಳಿಸುವ ಮುನ್ನ ಅದನ್ನು ಅವರೇ ಹೊಡೆದುಹಾಕಿದರು. ಗಮನಿಸು, ಸೃಷ್ಟಿಕರ್ತ ಸಿಕ್ಕಿಬಿಟ್ಟ ಎಂದು ಅವರು ಕರಡಿನಲ್ಲೂ ಬರೆದಿರಲಿಲ್ಲ.

ಇನ್ನೊಂದು ಘಟನೆ ನನ್ನ ತರಗತಿಗೇ ಹೇಳಿ ಮಾಡಿಸಿದಂತಿದೆ. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಮಾತನಾಡುತ್ತ, ಆಧುನಿಕ ವಿಜ್ಞಾನ ಸೃಷ್ಟಿಯ ಆ ಮೊದಲ ಗಳಿಗೆಗೇ ಸಾಕ್ಷಿಯಾಗುತ್ತಿದೆ ಎಂಬ ಧಾಟಿಯಲ್ಲಿ ಹೇಳಿದರು. ಅಂದರೆ ನನ್ನ ಚುಕ್ಕೆಯ ಪಾಠವನ್ನೇ. ಅದೇ ಅಕಾಡೆಮಿಯ ಸದಸ್ಯರಾಗಿದ್ದ ಲೆಮೈತ್ರ್ ಹಿಗ್ಗಲಿಲ್ಲ, ಕಳವಳಗೊಂಡರು. ವಿಶ್ವಕ್ಕೆ ಆದಿಯೇ ಇಲ್ಲವೆನ್ನುವ ಸ್ಥಿರಸ್ಥಿತಿ ಸಿದ್ಧಾಂತವನ್ನು ಫ್ರೆಡ್ ಹಾಯ್ಲ್ ಮತ್ತಿತರರು 1948ರಲ್ಲಿ ಮಂಡಿಸಿದ್ದರು. ಆಗ ಅದಕ್ಕೂ ಸಮಾನ ಗೌರವವಿತ್ತು. ಆದಿಯ ಶಾಖದ ಉಳಿಕೆಯಾದ ಸೂಕ್ಷ್ಮತರಂಗ ವಿಕಿರಣ ಪತ್ತೆಯಾಗಿ ಪ್ರಕಟವಾದದ್ದು 1965ರಲ್ಲಿ. ನಡುವಿನ ಆ ಹದಿನಾಲ್ಕು ವರ್ಷಗಳಲ್ಲಿ ಸಾಕ್ಷ್ಯ ಇನ್ನೊಂದು ಕಡೆಗೆ ವಾಲಿದ್ದರೆ ಪೋಪರ ಮಾತಿನ ಗತಿ ಏನಾಗುತ್ತಿತ್ತು? ಹಿಂದಿನ ಬೆಂಚಿನ ಹುಡುಗಿ ಕೇಳಿದ್ದೂ ಇದನ್ನೇ ಅಲ್ಲವೇ? ಮರುವರ್ಷ ರೋಮಿಗೆ ಬಂದ ಖಗೋಳಶಾಸ್ತ್ರಜ್ಞರನ್ನು ಉದ್ದೇಶಿಸಿ ಮಾತನಾಡಿದಾಗ ಪೋಪರು ಆ ಪ್ರತಿಪಾದನೆಯನ್ನು ಮತ್ತೆ ಎತ್ತಲಿಲ್ಲ. ತಮ್ಮ ಸಿದ್ಧಾಂತ ದೇವರಿದ್ದಾನೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ, ಅದು ಆ ಪ್ರಶ್ನೆಯ ಆಚೆಗಿದೆ ಎಂದು 1958ರಲ್ಲಿ ಲೆಮೈತ್ರ್ ಬಿಡಿಸಿ ಹೇಳಿದರು. ಯೆಶಾಯ ಪ್ರವಾದಿ ಹೇಳುವ ಮರೆಯಾಗಿರುವ ದೇವರು ವಿಶ್ವದ ಆರಂಭದಲ್ಲೂ ಮರೆಯಾಗಿಯೇ ಇದ್ದಾನೆ ಎಂಬುದು ಅವರ ಮಾತಿನ ತಾತ್ಪರ್ಯ.

ನೀನು ಮೆಚ್ಚುವ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರು ಹಾಯ್ಲ್ ಜೊತೆ ಸೇರಿ ದಶಕಗಳ ಕಾಲ ಮಹಾಸ್ಫೋಟವನ್ನು ಪ್ರಶ್ನಿಸುತ್ತಲೇ ಬಂದರು. ಅವರ ಹೆಸರು ಬಂದಾಗಲೆಲ್ಲ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಭೌತಶಾಸ್ತ್ರ ಪಾಠ ಮಾಡುವವನದಾಗಿರಲಿಲ್ಲ, ತನ್ನ ಮನೆಯ ಕಂಬವನ್ನು ಯಾರೋ ಅಲ್ಲಾಡಿಸುತ್ತಿದ್ದಾರೆಂದು ಹೆದರಿದವನದಾಗಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ವಿಜ್ಞಾನ ಓದಿಯೂ ಚರ್ಚಿಗೆ ಹೋಗುತ್ತೀರಾ ಎಂದು ಯಾರಾದರೂ ಕೇಳಿದರೆ ಕೊಡಲು ನನಗೊಂದು ರಸೀದಿ ಬೇಕಿತ್ತು. ಲೆಮೈತ್ರ್ ಅವರನ್ನು ರಸೀದಿ ಮಾಡಿಕೊಂಡಿದ್ದೆ.

ಇಲ್ಲಿಗೆ ನಿಲ್ಲಿಸಬೇಕೆಂದೇ ಕೂತವನು ನಾನು. ಆದರೆ ಇನ್ನೊಂದು ರಸೀದಿಯೂ ಇದೆ.

ಕಳೆದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅಮ್ಮನ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಬಯಾಪ್ಸಿಗೆ ಕೊಟ್ಟಿದ್ದೆವು. ಸೂಜಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ನಾಲ್ಕು ದಿನ ಬೇಕೆಂದರು. ಆ ನಾಲ್ಕು ದಿನ ನಾನು ಶಿವಾಜಿನಗರದ ಬೆಸಿಲಿಕಾದಲ್ಲಿ ಮಾತೆಯ ಮುಂದೆ ಮೊಣಕಾಲೂರಿ, ರಿಪೋರ್ಟ್ ಒಳ್ಳೆಯದೇ ಬರಲಿ ಎಂದು ಬೇಡಿಕೊಂಡೆ. ಬೇಡಿಕೊಳ್ಳುತ್ತಿರುವಾಗಲೇ ನನಗೆ ಗೊತ್ತಿತ್ತು: ಮೇಣದಲ್ಲಿ ಕೂತ ಆ ಜೀವಕೋಶಗಳು ಏನಾಗಿದ್ದವೋ ಅದೇ ಆಗಿವೆ, ಆಗಿಹೋದದ್ದು ಬೇರೆಯಾಗಿರಲಿ ಎಂದು ನಾನು ಕೇಳುತ್ತಿದ್ದೇನೆ. ಗೊತ್ತಿದ್ದೂ ಕೇಳಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ, ನೀನಾಗಿದ್ದರೂ ಏನಾದರೊಂದು ಕೇಳುತ್ತಿದ್ದೆ.

ಐದನೆಯ ದಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೋಲಾರದ ಕಡೆಯ ದಂಪತಿ ಕೂತಿದ್ದರು. ಆಕೆಯ ಕೈಯಲ್ಲಿ ಜಪಸರವಿತ್ತು. ಅಣ್ಣಾ, ಸೇರಿ ಹೇಳೋಣ್ವಾ ಎಂದರು. ಒಟ್ಟಿಗೆ ಜಪಸರ ಹೇಳಿದೆವು. ನಮ್ಮ ಗಂಟು ನಿರುಪದ್ರವಿ ಎಂದು ಬಂತು. ಆಕೆಯದು ಹಾಗೆ ಬರಲಿಲ್ಲ.

ಮುಂದಿನ ವಾರ ನವದಿನದ ಪ್ರಾರ್ಥನೆಯಲ್ಲಿ ನಾನು ಮೈಕಿನ ಮುಂದೆ ನಿಂತು ಸಾಕ್ಷಿ ಹೇಳಿದೆ: ನಾನು ಬೇಡಿದೆ, ದೇವರು ಕೇಳಿದರು, ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದೇನೆ ನಂಬಿ ಎಂದೆ. ಜನ ಕಣ್ಣೊರೆಸಿಕೊಂಡರು. ಕೋಲಾರದ ಆಕೆಯ ಮಾತನ್ನು ನಾನು ಎತ್ತಲೇ ಇಲ್ಲ. ಪ್ರಯೋಗಾಲಯದಲ್ಲಿ ಯಾವ ವಿದ್ಯಾರ್ಥಿಯಾದರೂ ಗ್ರಾಫಿನ ಗೆರೆಯ ಮೇಲೆ ಕೂರದ ಬಿಂದುವನ್ನು ರಬ್ಬರಿನಿಂದ ಅಳಿಸಿದರೆ ನಾನು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಅದನ್ನೇ ನಾನು ದೇವರ ಹೆಸರಿನಲ್ಲಿ, ಪೀಠದ ಎದುರು ನಿಂತು ಮಾಡಿದೆ, ಮತ್ತು ನಾನು ಅಳಿಸಿದ್ದು ಒಬ್ಬ ಹೆಣ್ಣುಮಗಳನ್ನು. ನಮ್ಮಂಥವರು ನಕ್ಷತ್ರಗಳ ಬಗ್ಗೆ ತಿಳಿಯದೆ ಮಾತನಾಡಿ ವಿಶ್ವಾಸವನ್ನು ನಗೆಪಾಟಲು ಮಾಡಬಾರದೆಂದು ಸಂತ ಅಗಸ್ಟೀನರು ಐದನೆಯ ಶತಮಾನದ ಆರಂಭದಲ್ಲೇ ಎಚ್ಚರಿಸಿದ್ದರು. ತಿಳಿದೂ ಅರ್ಧವನ್ನಷ್ಟೇ ಹೇಳುವವನು ಅದಕ್ಕಿಂತ ಹೆಚ್ಚಿನ ಕೇಡು ಮಾಡುತ್ತಾನೆ ಎಂದು ಈಗ ನನಗೆ ಅನ್ನಿಸುತ್ತಿದೆ. ಅವತ್ತು ಆ ಸಭೆಯಲ್ಲಿ ಆಕೆಯಂಥ ಇನ್ನೆಷ್ಟು ಮಂದಿ ಕೂತು ನನ್ನ ಸಾಕ್ಷಿ ಕೇಳಿದರೋ.

ಸಂಜೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. "ನಾನು ರಿಪೋರ್ಟಿನ ವಿಷ್ಯ ಕೇಳ್ಲೇ ಇಲ್ಲ ಮಗಾ. ಏನೇ ಬಂದ್ರೂ ನಿನ್ನ ಗಂಟಲಲ್ಲಿ ಅನ್ನ ಇಳೀಲಿ ಅಂತ ಕೇಳ್ದೆ" ಎಂದರು. ನಾಳೆ ಯಾವ ದೂರದರ್ಶಕ ಏನನ್ನೇ ಕಂಡರೂ ಆ ಪ್ರಾರ್ಥನೆಯನ್ನು ತಿದ್ದಬೇಕಾಗಿ ಬರುವುದಿಲ್ಲ. ಅದನ್ನು ಹುಡುಗಿಗೆ ಹೇಗೆ ಹೇಳುವುದೆಂದು ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ಕೆರೆಯ ಮೇಲೆ ತೇಲಿದ ಆಂಟೆನಾದ ಕಥೆಯನ್ನೂ, ಲೆಮೈತ್ರ್ ಹೊಡೆದುಹಾಕಿದ ಪ್ಯಾರಾದ ಕಥೆಯನ್ನೂ ಹೇಳುತ್ತೇನೆ. ಹಲಗೆಯ ಮೇಲೆ ಚುಕ್ಕೆ ಇಡುತ್ತೇನೆ, ಅದರ ಪಕ್ಕದಲ್ಲಿ ದೇವರ ಹೆಸರು ಬರೆಯುವುದಿಲ್ಲ. ಮುಂದಿನ ನವದಿನಕ್ಕೆ ಮೈಕು ಕೇಳಿದ್ದೇನೆ, ಗುರುಗಳು ಒಪ್ಪಿದ್ದಾರೆ.

ಬರೆಯಬಾರದ್ದನ್ನೂ ಬರೆದೆನೇನೋ. ಹೋಗಲಿ, ಬೇರೆ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೆ ಗುರುಗ್ರಹವನ್ನೂ ಅದರ ಉಪಗ್ರಹಗಳನ್ನೂ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಗೆಲಿಲಿಯೋ ಕಂಡ ಆ ನಾಲ್ಕನ್ನು ಚರ್ಚಿನ ಅಂಗಳದಲ್ಲೇ ನಿಂತು ತೋರಿಸುವುದು ನಿನ್ನ ಕೆಲಸ. ನಿನ್ನ ಬೈನಾಕ್ಯುಲರ್ ತೆಗೆದುಕೊಂಡು ಒಂದು ಶನಿವಾರ ಬಾ. ಅಂಗಳದ ದೊಡ್ಡ ದೀಪ ಆರಿಸಲು ಒಪ್ಪಿಗೆ ಪಡೆದಿದ್ದೇನೆ. ಅಮ್ಮ ಬಸ್ಸಾರು ಮಾಡುತ್ತಾರೆ. ಛತ್ರಿ ಇನ್ನೂ ನಮ್ಮ ಮನೆಯ ಬಾಗಿಲ ಹಿಂದೆಯೇ ಇದೆ, ಯಾರದ್ದೆಂದು ಅವತ್ತು ತೀರ್ಮಾನ ಮಾಡೋಣ.

ನಿನ್ನ,
ಮೆಟ್ಟಿಲಿನ ಗೆಳೆಯ