ಭಾನುವಾರದ ಗಣಿತ ಪಾಠಕ್ಕೆ ಮೊದಲು

ಕಲಿಸುವ ಎಲ್ಲ ಗೆಳೆಯರಿಗೆ,

ಈ ವಾರ ಒಂಬತ್ತನೇ ತರಗತಿಗೆ ತ್ರಿಭುಜದ ಕೋನಗಳ ಮೊತ್ತ. ಮಕ್ಕಳು ಕೋನಮಾಪಕ ಇಟ್ಟು ಅಳೆದರೆ ಒಮ್ಮೆ 179 ಬರುತ್ತದೆ, ಒಮ್ಮೆ 181. ಎಷ್ಟು ಅಳೆದರೂ ಮೊತ್ತ ಯಾವಾಗಲೂ 180 ಎಂಬುದಕ್ಕೆ ಅದು ಸಾಧನೆ (ತರ್ಕದ ಪುರಾವೆ) ಆಗುವುದಿಲ್ಲ, ಅಲ್ವಾ?

ತ್ರಿಭುಜದ ಮೇಲಿನ ಶೃಂಗದ (ಮೂಲೆಯ) ಮೂಲಕ ಪಾದಕ್ಕೆ, ಅಂದರೆ ಕೆಳಗಿನ ಬಾಹುವಿಗೆ, ಸಮಾಂತರವಾಗಿ ಒಂದು ಗೆರೆ ಎಳೆಸಿ. ಎರಡು ಸಮಾಂತರ ಗೆರೆಗಳನ್ನು ಇನ್ನೊಂದು ಗೆರೆ ದಾಟುವಾಗ, ಅವುಗಳ ನಡುವೆ ದಾಟುವ ಗೆರೆಯ ಆಚೀಚೆ ಎದುರುಬದುರಾಗಿ ಬರುವ ಪರ್ಯಾಯ ಕೋನಗಳು ಸಮ. ಹಾಗಾಗಿ ಕೆಳಗಿನ ಎರಡು ಕೋನಗಳಷ್ಟೇ ಅಳತೆಯ ಕೋನಗಳು ಶೃಂಗದ ಕೋನದ ಅಕ್ಕಪಕ್ಕ ಸಿಗುತ್ತವೆ. ಮೂರೂ ಸೇರಿದರೆ ಸರಳ ಕೋನ, 180 ಡಿಗ್ರಿ. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಸಮಾಂತರ ರೇಖೆಯಿಂದಲೇ ಇದನ್ನು ಸಾಧಿಸಿದ್ದ.

ಸುಮ್ನೆ ಬಾಯಿಪಾಠ ಮಾಡಿಸಬೇಡಿ. ಪ್ರತಿ ಹೆಜ್ಜೆಗೂ ‘ಯಾಕೆ?’ ಎಂದು ಕೇಳಿ, ಕಾರಣವನ್ನು ಪಕ್ಕದಲ್ಲೇ ಬರೆಸಿ. ನನಗೆ ಉತ್ತರಕ್ಕಿಂತ ಇದೇ ಜಾಸ್ತಿ ಮುಖ್ಯ. ಸ್ಕೇಲು, ಪೆನ್ಸಿಲ್ ತರಲು ಮಕ್ಕಳಿಗೆ ಹೇಳಿ.